ಹಸಿರು ಪಟ್ಟಿಯೊಳಗೆ

ಶಹಾಪುರ
೧೪ ಆಗಸ್ಟ್ ೨೦೧೬, ರವಿವಾರ

ಪ್ರೀತಿಯ ಅಪ್ಪಾ,

ನಿನ್ನ ಮೋನಿಯ ನಮಸ್ಕಾರ. ಕೆಮ್ಮು ಹೇಗಿದೆ? ಕಾಲುವೆಗೆ ನೀರು ಬಿಟ್ಟಿದ್ದಾರಂತೆ. ಹಾಗಿದ್ದರೆ ನೀನು ನಾರಾಯಣಪುರದ ದಂಡೆಯಲ್ಲಿ ನೀರಿನ ಮಟ್ಟದ ಅಳತೆಪಟ್ಟಿ ನೋಡುತ್ತ ನೆನೆಯುತ್ತಲೇ ಇರುತ್ತೀ. ತಲೆಗೆ ಟವೆಲ್ಲಾದರೂ ಕಟ್ಟಿಕೋ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಇವರದು, ಮಾತು ಮನೆಮಂದಿಗೆಲ್ಲ ಕೇಳುತ್ತದೆ. ಅದಕ್ಕೇ ಈ ಕಾಗದವನ್ನು ಬಳೆಗಾರ್ತಿ ಚಮನಬೀಯ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾನು ದಪ್ಪಗಾಗಿದ್ದೇನೆ ಅಪ್ಪಾ. ನಗಬೇಡ. ಮದುವೆಯಲ್ಲಿ ಅತ್ತೆ "ಹತ್ತಿಕಟ್ಟಿಗಿ ತಂದಂಗಾತು" ಅಂದದ್ದು ನಿನಗೂ ಕೇಳಿಸಿತ್ತು. ಮೂರು ವರ್ಷ ಮಕ್ಕಳಾಗದ್ದಕ್ಕೂ ಈ ಕಡ್ಡಿ ಮೈಯೇ ಕಾರಣ ಎಂದಾಯಿತು. ಇವರು ಗಣಿತದ ಮಾಸ್ತರರಲ್ಲವೇ, ಶಾಲೆಯ ಆರೋಗ್ಯ ಶಿಬಿರದಿಂದ ಬಿಎಂಐ ಪಟ್ಟಿ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಬೇಕಂತೆ. ಬಂದ ಅಂಕಿ ಹದಿನೆಂಟೂವರೆಗಿಂತ ಕಡಿಮೆಯಿದ್ದರೆ ಹಳದಿ, ಮೇಲಿದ್ದರೆ ಹಸಿರು. ಯುಗಾದಿಗೆ ನಾನು ಹದಿನೇಳೂ ಇರಲಿಲ್ಲ. ಇವತ್ತು ಇಪ್ಪತ್ತೊಂದು ದಾಟಿದ್ದೇನೆ. ಇವರು ಓಣಿಗೆಲ್ಲ ಪೇಢೆ ಹಂಚಿದರು. ಅತ್ತೆ ಮೊದಲ ಸಲ ನನಗೆ ದೃಷ್ಟಿ ತೆಗೆದರು.

ಆದರೆ ನಾನು ಉಣ್ಣುವುದು ಅರ್ಧ ರೊಟ್ಟಿ, ಅದೂ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು. ಬೆಳಿಗ್ಗೆ ಎದ್ದರೆ ಕಣ್ಣುಗಳು ಬಾತಿರುತ್ತವೆ. ಹೇಳಿದರೆ ಇವರು ಗೋಡೆ ತೋರಿಸುತ್ತಾರೆ: "ಹಸರಾಗ ಅದೀ ಮೋನಾ, ಇನ್ನೇನ ಚಿಂತಿ?" ಕೆಟ್ಟವರಲ್ಲ ಅಪ್ಪಾ. ಕೆಟ್ಟವರಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವರ ಸಂತೋಷದೊಳಗೆ ನನ್ನನ್ನಿಟ್ಟು ಹೊರಗಿನಿಂದ ಚಿಲಕ ಹಾಕಿದಂತಾಗಿದೆ. ಇನ್ನು ಮಗು ಆಗೇ ಆಗುತ್ತದೆಂದು ಮೊನ್ನೆ ಬಡಗಿಯ ಹತ್ತಿರ ಹೋಗಿ ತೊಟ್ಟಿಲು ಬೇರೆ ನೋಡಿ ಬಂದಿದ್ದಾರೆ.

ಶ್ರಾವಣಕ್ಕೆ ಬಳೆ ಇಡಿಸಲು ಚಮನಬೀ ಬಂದಿದ್ದಳು. ನನ್ನ ಹಳೆಯ ಅಳತೆಯ ಬಳೆ ಗಿಣ್ಣು ದಾಟಲಿಲ್ಲ. ಕೈ ಒತ್ತಿ ಒತ್ತಿ ನೋಡಿದಳು. ಅವಳ ಹೆಬ್ಬೆರಳು ಒತ್ತಿದಲ್ಲಿ ತಗ್ಗು ಬಿದ್ದು ಹಾಗೇ ಉಳಿಯಿತು. "ಇದು ಮಾಂಸ ಅಲ್ಲವ್ವಾ, ನೀರು ನಿಂತದ. ಮೂವತ್ತು ವರ್ಷ ಹೆಣ್ಮಕ್ಕಳ ಕೈ ಹಿಡದೀನಿ, ನನಗ ತಿಳಿಯಲ್ಲೇನು?" ಅಂದಳು. ಅತ್ತೆ ಅವಳಿಗೆ ಚಹಾ ಕೂಡ ಕೊಡದೆ ಕಳಿಸಿದರು.

ಆಗ ನೀನು ನೆನಪಾದೆ. ಚಿಕ್ಕವಳಿದ್ದಾಗ ಕಾಲುವೆಯ ಪಟ್ಟಿ ನೋಡಿ ನಾನು ಅಂಕಿ ಕೂಗುತ್ತಿದ್ದೆ. ನೀನು ನೀರಿಗೊಂದು ಹುಲ್ಲುಕಡ್ಡಿ ಎಸೆದು, "ಕಡ್ಡಿ ಮುಂದ ಹೋಗ್ತದೇನು ನೋಡು ಮೋನಿ. ಗೇಟ್ ಮುಚ್ಚಿ ನೀರು ನಿಂತ್ರೂ ಪಟ್ಟಿ ಅಷ್ಟೇ ತೋರಸ್ತದ" ಅನ್ನುತ್ತಿದ್ದೆ. ಇವರ ಲೆಕ್ಕವೂ ತಪ್ಪಲ್ಲ. ಆದರೆ ತಕ್ಕಡಿಗೆ ಎಲುಬು, ಮಾಂಸ, ನೀರು ಎಲ್ಲ ಒಂದೇ. ಈ ಮನೆಯಲ್ಲಿ ಕಡ್ಡಿ ಎಸೆದು ನೋಡುವವರು ಯಾರೂ ಇಲ್ಲ. ನನಗೆ ಹೆದರಿಕೆಯಾಗಿದೆ ಅಪ್ಪಾ.

ಅವ್ವನಿಗೆ ಇದನ್ನು ಓದಿ ಹೇಳಬೇಡ, ನಾನು ಕೇಳಿದೆನೆಂದಷ್ಟೇ ಹೇಳು. ನಿಮ್ಮಿಬ್ಬರ ಪಾದಕ್ಕೆ ನನ್ನ ಹಣೆ.

ನಿನ್ನ ಮಗಳು
ಮೋನಮ್ಮ

ಮರೆತಿದ್ದೆ: ಕಾಗದ ಸಿಕ್ಕ ದಿನವೇ ಹೊರಟು ಬಾ. ಅವ್ವ ಜಾರಿ ಬಿದ್ದಳೆಂದು ಹೇಳಿ ನನ್ನನ್ನು ಕರೆದುಕೊಂಡು ಹೋಗು, ಊರಿಗಲ್ಲ, ದೊಡ್ಡ ದವಾಖಾನೆಗೆ. ಕಬ್ಬಿಣ ಕೊಯ್ಯುವ ನಿನ್ನ ಸಣ್ಣ ಗರಗಸ ಚೀಲದಲ್ಲಿರಲಿ. ಕಾಲುಂಗುರ ಬೆರಳಿನೊಳಗೆ ಹೂತುಹೋಗಿದೆ, ಬೆರಳು ಕಪ್ಪಾಗುತ್ತಿದೆ. ಮುತ್ತೈದೆಯ ಕಾಲುಂಗುರ ಕತ್ತರಿಸಿರಿ ಎಂದು ಈ ಮನೆಯಲ್ಲಿ ಕೇಳಲಾರೆ. ದಾರಿಯಲ್ಲಿ ನೀನೇ ಕತ್ತರಿಸು.