ಅಪ್ಪ ಕಟ್ಟಿದ ಸೊಪ್ಪಿನ ಗಂಟು

ಹುಕ್ಕೇರಿ
೫ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ಗೌರಕ್ಕನಿಗೆ ತಂಗಿ ಅನ್ನಪೂರ್ಣಾಳ ಶರಣು.

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ದೀಪಾವಳಿಗೆ ಬರುತ್ತೇನೆಂದವಳು ನಿಮ್ಮ ಮೂಡಲಗಿ ಕಡೆ ಮುಖ ಹಾಕಲಿಲ್ಲ, ಫೋನಿನಲ್ಲೂ ‘ಹಾಂ, ಹೂಂ, ಆರಾಮ ಅದೇನಿ’ ಅಂದು ಇಟ್ಟುಬಿಟ್ಟೆ. ಏನು ಮಾಡಲಿ? ನಿಮ್ಮ ಮನೆಗೆ ಫೋನ್ ಮಾಡಿದರೆ ನಿಮ್ಮ ಅತ್ತೆ ಸ್ಪೀಕರ್ ಒತ್ತಿಯೇ ನಿನ್ನ ಕೈಗೆ ಕೊಡುತ್ತಾರೆ. ಓಣಿಗೆಲ್ಲ ಕೇಳಿಸಿಕೊಂಡು ಅಳುವ ಧೈರ್ಯ ನನಗಿಲ್ಲ. ಅದಕ್ಕೇ ಈ ಕಾಗದ. ಇಷ್ಟು ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದೆ. ಚಹಾ ಇಟ್ಟೆ, ಉಕ್ಕಿ ಹೋಯಿತು. ಒಗೆದು ಮಡಚಿದ್ದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚಿದೆ. ಕೂತಲ್ಲಿ ಕೂರಲಾಗುತ್ತಿಲ್ಲ.

‘ಅಪ್ಪ ಯಾಕ ಮಾತಾಡವಲ್ಲ? ನಿಮ್ಮಿಬ್ಬರ ನಡುವ ಏನಾಗೇತಿ?’ ಅಂತ ಎರಡು ಸಲ ಕೇಳಿದೆ ನೀನು. ಹೇಳುತ್ತೇನೆ, ಕೇಳು.

ನಾಲ್ಕು ವರ್ಷದಿಂದ ಬೆಳಗಾವಿಯ ಲ್ಯಾಬಿಗೆ ಬಸ್ಸಿನಲ್ಲಿ ಓಡಾಡಿ ನಾನು ಮಾಡುತ್ತಿರುವುದು ಸತುವಿನ ಆಕ್ಸೈಡಿನ ನ್ಯಾನೋ ಕಣಗಳನ್ನು. ಒಂದು ಕೂದಲನ್ನು ಸಾವಿರ ಸಲ ಸೀಳಿದರೆ ಒಂದು ಸೀಳು ಎಷ್ಟು ತೆಳ್ಳಗಿರುತ್ತದೋ ಅಷ್ಟು ಸಣ್ಣ ಕಣ. ಗಾಯದ ಮುಲಾಮಿಗೆ ಬೇಕಾಗುತ್ತದೆ. ಸತುವಿನ ಉಪ್ಪನ್ನು ಆಡುಸೋಗೆಯ ಕಷಾಯದಲ್ಲಿ ಕಾಯಿಸಿದರೆ, ಸೊಪ್ಪಿನ ಸತ್ವವೇ ಕಣಗಳಿಗೆ ಅಚ್ಚಾಗುತ್ತದೆ. ನಮ್ಮ ಬೆಲ್ಲದ ಬಾಗೇವಾಡಿಯ ಗಾಣದಲ್ಲಿ ಕಾದ ಬೆಲ್ಲ ಬಕೆಟ್ಟಿನ ಆಕಾರಕ್ಕೆ ಗಟ್ಟಿ ಪೆಂಟಿಯಾಗಿ ಕೂರುತ್ತದಲ್ಲ, ಹಾಗೆ. ಆದರೆ ಇಲ್ಲಿ ಭಟ್ಟಿಗೆ ಇಟ್ಟಾಗ ಬಕೆಟ್ಟೇ ಸುಟ್ಟುಹೋಗಿ ಪೆಂಟಿ ಮಾತ್ರ ಉಳಿಯುತ್ತದೆ.

ಸೊಪ್ಪು ಕಳಿಸುತ್ತಿದ್ದವನು ಅಪ್ಪ. ಕುರಿ ಮೇಯಿಸಲು ಹೋದಲ್ಲಿ ಕಿತ್ತು, ನೆರಳಲ್ಲಿ ಕಂಬಳಿ ಹಾಸಿ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಹಳೇ ಧೋತರದಲ್ಲಿ ಗಂಟು ಕಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದ. ‘ನನ್ನ ಆಡು ಮೂಸದ ಸೊಪ್ಪು ನನ್ನ ಮಗಳು ಕುದಸ್ತಾಳ ನೋಡ್ರಿ’ ಅಂತ ಊರೆಲ್ಲ ಹೇಳಿಕೊಂಡು ನಗುತ್ತಿದ್ದ. ಆ ಪುಡಿಯಿಂದ ನನ್ನ ಕಣಗಳು ಎಷ್ಟು ಚೆಂದ ಬಂದವೆಂದರೆ, ಪೇಪರ್ ಪ್ರಕಟವಾಯಿತು, ಥೀಸಿಸ್ ಮುಗಿಯಿತು. ಇದೇ ಇಪ್ಪತ್ತಕ್ಕೆ ನನ್ನ ಕೊನೆಯ ಮೌಖಿಕ ಪರೀಕ್ಷೆ ಇತ್ತು. ಅದಾದರೆ ಡಾಕ್ಟರೇಟು.

ತೊಂದರೆ ಶುರುವಾದದ್ದು ಉಮೇಶನಿಂದ. ನನಗಿಂತ ಎರಡು ವರ್ಷ ತಡವಾಗಿ ಲ್ಯಾಬಿಗೆ ಸೇರಿದವನು, ಸಾಲಿ ಮಾಸ್ತರಿಕೆ ಬಿಟ್ಟು ಬಂದವನು, ಎರಡು ಮಕ್ಕಳ ತಂದೆ. ನನ್ನ ವಿಧಾನವನ್ನೇ ಅಕ್ಷರಶಃ ಹಿಡಿದು ಮಾಡಿದರೂ ಅವನ ಕಣಗಳು ಉಂಡೆ ಉಂಡೆಯಾಗಿ ಅಂಟಿಕೊಳ್ಳುತ್ತಿದ್ದವು. ಆರು ತಿಂಗಳು ಹೀಗೇ ಹೋಯಿತು. ನಮ್ಮ ಗೈಡ್ ಮೇಡಂ ಎಲ್ಲರೆದುರು, ‘ನಿಮ್ಮ ಕೈಯಾಗ ಶಿಸ್ತಿಲ್ರಿ. ಅನ್ನಪೂರ್ಣಾನ್ನ ನೋಡಿ ಕಲೀರಿ’ ಅಂದರು. ಆವತ್ತು ನಾನು ಉಬ್ಬಿಹೋದೆ ಅಕ್ಕಾ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನು ಮೂಲೆಯಲ್ಲಿ ನಿಂತು ಅದೇ ಗಾಜಿನ ಪಾತ್ರೆಯನ್ನು ಮೂರನೇ ಸಲ ತೊಳೆಯುವುದನ್ನು ನೋಡಿದೆ. ಅವನು ಸೊಪ್ಪು ಕಿತ್ತದ್ದು ಇಲ್ಲೇ ಹುಕ್ಕೇರಿಯ ರಸ್ತೆ ಬದಿಯಲ್ಲಿ. ‘ತಡಿ ಮಾಸ್ತರ, ನಮ್ಮಪ್ಪನ ಸೊಪ್ಪು ತಂದು ಕೊಡ್ತೇನಿ’ ಅಂದು ಅಕ್ಟೋಬರಿನ ಒಂದು ಭಾನುವಾರ ಊರಿಗೆ ಹೋದೆ.

ಅಪ್ಪ ಬೇವಿನ ಗಿಡದ ಕೆಳಗೆ ಕೂತು ಪುಡಿ ಸೋಸುತ್ತಿದ್ದ. ಗಂಟು ಕಟ್ಟುವ ಮುಂಚೆ ಸೊಂಟದ ಚೀಲ ಬಿಚ್ಚಿ, ಹಿಡಿ ತುಂಬ ಭಂಡಾರ ತೆಗೆದು ಪುಡಿಯ ಮೇಲೆ ಚೆಲ್ಲಿ, ‘ಬೀರಪ್ಪಾ, ಮಗಳ ಕೈ ಹಿಡಿಯೋ ಯಪ್ಪಾ’ ಅಂದು ಎರಡೂ ಕೈಯಿಂದ ಕಲಸಿದ.

ಭಂಡಾರವೆಂದರೆ ಅರಿಶಿನ. ಅರಿಶಿನದಲ್ಲಿರುವ ಸತ್ವವೂ ಕಣಗಳನ್ನು ಹಿಡಿದಿಡುತ್ತದೆ, ಆಡುಸೋಗೆಗಿಂತ ಗಟ್ಟಿಯಾಗಿ.

‘ಅಪ್ಪಾ, ಇದನ್ನ ಯಾವಾಗಿನಿಂದ ಹಾಕಾಕತ್ತಿ?’

‘ಮೊದಲನೇ ಗಂಟಿನಿಂದ ಯವ್ವಾ. ಮಗಳಿಗಿ ಬರೀ ಸೊಪ್ಪು ಕಳಸ್ತಾರೇನ?’

ನನ್ನ ಮೈಮೇಲೆ ಎಚ್ಚರ ಇರಲಿಲ್ಲ. ಕೂಗಾಡಿದೆ. ‘ನನ್ನ ನಾಕ ವರ್ಷ ಮಣ್ಣಪಾಲ ಮಾಡಿದಿ’ ಅಂದೆ. ಇನ್ನೂ ಏನೇನೋ ಅಂದೆ. ಒಳಗಿಂದ ಅವ್ವ ಬಂದು, ‘ಅಪ್ಪಗ ಬೈದಿ, ಬೈಯಿ. ದೇವರಿಗ್ಯಾಕ ಬೈತಿ?’ ಅಂದಳು. ಅಪ್ಪ ಮಾತ್ರ ಪುಡಿಯನ್ನು ಕಂಬಳಿಯಿಂದ ಕೊಡವಿ, ಕೊಟ್ಟಿಗೆಗೆ ಹೋಗಿ ನಿಂತ.

ಲ್ಯಾಬಿನಲ್ಲಿ ಬೇರೆ ಬೇರೆ ಮಾಡಿ ನೋಡಿದೆ. ಬರೀ ಆಡುಸೋಗೆ ಹಾಕಿದ್ದು ಉಂಡೆಯಾಯಿತು. ಅರಿಶಿನ ಬೆರೆಸಿದ್ದು ನನ್ನ ಪೇಪರಿನಲ್ಲಿದ್ದ ಹಾಗೇ ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಮೇಡಂಗೆ ತೋರಿಸಿದರೆ, ‘ವೈವಾ ಇಪ್ಪತ್ತಕ್ಕ ಐತಿ. ಯಾರೂ ಕೇಳೂದಿಲ್ಲ. ನೀ ಸುಮ್ನಿರು’ ಅಂದರು.

ಸುಮ್ಮನಿರಲು ನೋಡಿದೆ ಅಕ್ಕಾ, ದೇವರಾಣೆ. ಹದಿನೈದು ದಿನ. ಊಟ ಸೇರಲಿಲ್ಲ. ಬಸ್ಸು ಹತ್ತಿ ಎಲ್ಲಿ ಇಳಿಯಬೇಕೋ ಮರೆತು ಮುಂದಿನ ಸ್ಟಾಪಿನಿಂದ ನಡೆದು ಬಂದೆ. ನನ್ನ ಸುಳ್ಳಿನ ಮೇಲೆ ಉಮೇಶನಿಗೆ ‘ಕೈಯಲ್ಲಿ ಶಿಸ್ತಿಲ್ಲ’ ಅನ್ನುವ ಹೆಸರು ಉಳಿಯುತ್ತದಲ್ಲ, ಅದನ್ನು ನುಂಗಲಾಗಲಿಲ್ಲ. ಕಡೆಗೆ ಪೇಪರ್ ಪ್ರಕಟಿಸಿದ ಪತ್ರಿಕೆಯವರಿಗೆ ಇದ್ದದ್ದನ್ನು ಇದ್ದಂತೆ ಬರೆದು, ಪೇಪರ್ ವಾಪಸು ತೆಗೆದುಕೊಳ್ಳುತ್ತೇನೆಂದು ಹೇಳಿದೆ. ಮೇಡಂ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ತಾವೂ ಸಹಿ ಹಾಕಿದರು. ಪರೀಕ್ಷೆ ಮುಂದೆ ಹೋಯಿತು, ಇನ್ನೊಂದು ವರ್ಷವಾದರೂ ಬೇಕು. ವಿಷಯ ಹೇಳಿದಾಗ ಉಮೇಶ ಸ್ಟೂಲಿನ ಮೇಲೆ ಕೂತು, ‘ನನ್ನ ಕೈಯಾಗ ಏನೂ ತಪ್ಪಿರಲಿಲ್ಲ ಹಂಗಾರ’ ಅಂತ ಅದನ್ನೇ ಎರಡು ಸಲ ಅಂದ. ಈಗ ಸೊಪ್ಪು, ಅರಿಶಿನ ಎರಡನ್ನೂ ತೂಕ ಮಾಡಿ ಹಾಕಿ ಮೊದಲಿನಿಂದ ಶುರು ಮಾಡಿದ್ದೇವೆ.

ಡಾಕ್ಟರೇಟು ಬಂದಾಗ ಬರಲಿ. ನೀನು ಭಾವನಿಗೆ ಏನು ಹೇಳುತ್ತೀಯೋ ಹೇಳು, ಅತ್ತೆಗೆ ಮಾತ್ರ ಹೇಳಬೇಡ. ಮಕ್ಕಳ ತಲೆಯ ಮೇಲೆ ಚಿಕ್ಕಮ್ಮನ ಪರವಾಗಿ ಕೈ ಇಟ್ಟು ನೇವರಿಸು. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಅನ್ನಪೂರ್ಣಾ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ‘ಏನೇನೋ ಅಂದೆ’ ಅಂತ ಬರೆದು ಜಾರಿಕೊಂಡೆನಲ್ಲ, ಅಂದದ್ದು ಇದು: ‘ಈ ಭಂಡಾರ ಹಚ್ಚಿಕೊಂಡ ಮೈಯಾಗ ನನ್ನ ಹತ್ರ ಬರಬ್ಯಾಡ.’ ಮೊನ್ನೆ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಬೀರಪ್ಪನ ಗುಡಿಯಲ್ಲಿ ಪೂಜಾರಿ ಎಲ್ಲರ ಹಣೆಗೂ ಭಂಡಾರ ಹಚ್ಚುತ್ತ ಬಂದ. ಅಪ್ಪ ಹಣೆ ಕೊಡಲಿಲ್ಲ, ಅಂಗೈ ಚಾಚಿ ಇಸಿದುಕೊಂಡ. ಮುಷ್ಟಿ ಕಟ್ಟಿಕೊಂಡು ನನ್ನಿಂದ ಎರಡು ಮಾರು ದೂರದಲ್ಲೇ ನಿಂತು ಕೇಳಿದ, ‘ಯವ್ವಾ, ನೀ ಯಾವ ಬಸ್ಸಿಗಿ ಹೋಗಾಕಿ?’ ಐದರ ಬಸ್ಸಿಗೆ ಅಂದೆ. ‘ಹಂಗಾರ ಸೈ. ನೀ ಹೋದ ಮ್ಯಾಲ ಹಚಗೋತೇನಿ’ ಅಂದ. ಸಿಟ್ಟಿನಿಂದ ಅಲ್ಲ ಅಕ್ಕಾ, ನನಗೆ ಕೆಡುಕಾಗಬಾರದು ಅಂತ. ಐದರ ಬಸ್ಸಿಗೆ ಬಂದುಬಿಟ್ಟೆ.