ಮುಚ್ಚಳ ತೆಗೆಯದ ತಟ್ಟೆ

ಗುಂಗುರಿ,

ಇವತ್ತು ಮಧ್ಯಾಹ್ನ ಲ್ಯಾಬಿನಲ್ಲಿ ನಿನ್ನ ಮಾತು ನಿಜವಾಯಿತು ಕಣೇ. ಬೂಷ್ಟಿನ ಎಳೆಗೆ ಬೆಳೆಯುವ ದಿಕ್ಕು ತೋರಿಸುವುದು ಒಂದು ಪ್ರೋಟೀನು ಎಂದಿದ್ದೆಯಲ್ಲ, ಅದನ್ನು ತೆಗೆದು ಬೆಳೆಸಿದ್ದೆ. ತುದಿಯಲ್ಲಿ ನೇರ ಚಾಚಬೇಕಾದ ಎಳೆಗಳೆಲ್ಲ ದಿಕ್ಕುಗೆಟ್ಟು ಗುಂಡಗೆ ಊದಿಕೊಂಡಿದ್ದವು. ಬೂಷ್ಟು ಬೆಳೆಸುವ ಗಾಜಿನ ತಟ್ಟೆ ಮೂರು ಬದಲಿಸಿ ನೋಡಿದೆ, ಮೂರರಲ್ಲೂ ಅದೇ.

ಗೈಡ್ ಮೇಡಂ ಬೆನ್ನ ಹಿಂದೆಯೇ ಬಂದು ನಿಂತರು.

"ಎರಡು ವರ್ಷದ ಹಿಂದೆ ನಿನ್ನ ಜೊತೆ ಇಲ್ಲಿದ್ದ ಅವಳೂ ಇದನ್ನೇ ತೋರಿಸಿದ್ದಳಲ್ವಾ? ಅವಳ ತಟ್ಟೆ ಬೇರೆ ಬೂಷ್ಟು ಸೇರಿ ಕೆಟ್ಟಿದೆ ಅಂದವಳು ನೀನು."

"ಹೌದು ಮೇಡಂ."

"ಸರಿಯಾಗಿ ನೋಡೇ ಹೇಳಿದ್ದೆ ತಾನೆ?"

ನಿನ್ನ ತಟ್ಟೆಯ ಮುಚ್ಚಳವನ್ನೂ ನಾನು ತೆಗೆದಿರಲಿಲ್ಲ. "ನೋಡಿದ್ದೆ" ಅಂದೆ.

ಅವತ್ತು ನಿನ್ನನ್ನು ಎಲ್ಲರೆದುರು ಬೈದು ಕಳಿಸಿದವರು ಇವತ್ತು ಮೆತ್ತಗೆ ಹೇಳಿದರು: "ಪ್ರಬಂಧದಲ್ಲಿ ಮೊದಲ ಹೆಸರು ಅವಳದೇ ಇರಲಿ. ಅವಳ ಸಹಿ ಬೇಕು. ಎಲ್ಲಿದ್ದಾಳೆ?"

"ಗೊತ್ತಿಲ್ಲ ಮೇಡಂ" ಅಂದುಬಿಟ್ಟೆ.

ಮನೆಗೆ ಬರುವಾಗ ನೀನು ಕೆಲಸಕ್ಕಿರುವ ಔಷಧಿ ಅಂಗಡಿ ಕಂಡಿತು. ನೀನು ತಲೆ ಬಗ್ಗಿಸಿ ಯಾರಿಗೋ ಮಾತ್ರೆ ಕತ್ತರಿಸಿ ಕೊಡುತ್ತಿದ್ದೆ. ದಿನದ ಹಾಗೆ ಇವತ್ತೂ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದೆ.