‘ಹಿಂದಿನಂತೆಯೇ’ ಎಂಬ ಗುಂಡಿ

ಮಕ್ಕಳ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಆಸ್ಪತ್ರೆಯವರು ಅಮಾನತು ಮಾಡಿದ ಮೇಲೆ ಅಮ್ಮನ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದೀಯಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ಸಂತೋಷ. ನಮ್ಮಿಬ್ಬರಲ್ಲಿ ಒಬ್ಬಳಾದರೂ ಮಲಗಬೇಕಲ್ಲ. ನನಗೆ ಕಣ್ಣು ಹತ್ತುವಷ್ಟರಲ್ಲಿ ನನ್ನ ಪುಟ್ಟಿ ಬ್ಯಾಂಡೇಜಿನ ಕೈಯನ್ನು ಬಾಯಿಗೆ ಒಯ್ದು, ಚೀಪಲು ಬೆರಳು ಹುಡುಕುತ್ತಾಳೆ. ಹೆಬ್ಬೆರಳಾದರೂ ಉಳಿಯಿತಲ್ಲ, ಪುಣ್ಯ ಮಾಡಿದ್ದೀರಿ ಎನ್ನುತ್ತಾರೆ ಡಾಕ್ಟರು.

ನಿನ್ನೆ ವಿಚಾರಣೆಗೆಂದು ಆಸ್ಪತ್ರೆಯ ದೊಡ್ಡವರೆಲ್ಲ ನಿಮ್ಮ ನರ್ಸುಗಳ ಟ್ಯಾಬ್ ನೋಡಲು ಬಂದಿದ್ದರು. ಪಾಳಿ ಬದಲಾಗುವಾಗ ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಚೀಟಿ ಕಳೆದುಹೋಗುತ್ತದೆ ಎಂದು ತಂದದ್ದು ತಾನೆ ಅದು? "ಇನ್ಮೇಲೆ ಯಾವ ಮಗೂದೂ ಯಾವ ವಿಷಯಾನೂ ತಪ್ಪಲ್ಲ ಕಣೇ" ಎಂದು ನೀನೇ ಹೆಮ್ಮೆಯಿಂದ ತೋರಿಸಿದ್ದೆ. ಎಲ್ಲ ಪ್ರಶ್ನೆಗೂ ಉತ್ತರ ತುಂಬದೆ ಅದು ನಿಮ್ಮನ್ನು ಮನೆಗೆ ಬಿಡುವುದಿಲ್ಲ. ಅದಕ್ಕೇ ನೀವು ಕಂಡುಕೊಂಡ ಅಡ್ಡದಾರಿ ಕೆಳಗಿನ ಆ ಗುಂಡಿ, ‘ಹಿಂದಿನಂತೆಯೇ’. ಒತ್ತಿದರೆ ಹಿಂದಿನ ಪಾಳಿಯವಳ ಉತ್ತರಗಳೆಲ್ಲ ನಿನ್ನ ಹೆಸರಿನಲ್ಲಿ ಬಂದು ಕೂರುತ್ತವೆ. ಆ ದಿನ ಬೆಳಗ್ಗೆ ಪುಟ್ಟಿಯ ಕೈಯ ಡ್ರಿಪ್ಪಿನ ಸೂಜಿ ಸರಿಯಿತ್ತು. ಸಂಜೆ ನೀನು ಒತ್ತಿದೆ, ಆಗಲೂ ‘ಸರಿಯಿದೆ’ ಎಂದಾಯಿತು. ರಾತ್ರಿಯವಳು ಅದನ್ನೇ ನಂಬಿ ಪಟ್ಟಿ ಬಿಚ್ಚಿ ನೋಡಲಿಲ್ಲ. ಔಷಧಿ ರಕ್ತನಾಳ ಬಿಟ್ಟು ಮಾಂಸದೊಳಗೆ ಇಳಿಯುತ್ತಿತ್ತು. ನೀನು ಹೊರಡುವಾಗಲೇ ಪುಟ್ಟಿ ಕಿರುಚುತ್ತಿದ್ದಳು. "ಹಠಮಾರಿ, ಅವಳಮ್ಮನ ಥರಾನೇ" ಎಂದು ನೀನು ನಗುತ್ತಾ ಚಪ್ಪಲಿ ಮೆಟ್ಟಿದೆ. ನಿನಗೆ ಅವಸರ, ಪಾಪ, ನನಗೆ ಬಿಸಿ ಅಡುಗೆ ಮಾಡಿ ಕಳಿಸಬೇಕಿತ್ತು. ನಮ್ಮವರ ಕೈಯಲ್ಲಿ ಡಬ್ಬಿ ಬಂತು. ಊಟ ಚೆನ್ನಾಗಿತ್ತು ಅಕ್ಕಾ, ಉಪ್ಪು ಹದವಾಗಿತ್ತು.

ಅಮ್ಮ ಬೇಡಿಕೊಂಡಳು: "ಅವಳ ಕೆಲಸ ಹೋದ್ರೆ ಮಕ್ಕಳು ಬೀದಿಗೆ ಬೀಳ್ತಾರೆ. ತಪ್ಪು ಆ ಗುಂಡೀದು ಅಂತ ಒಂದು ಮಾತು ಹೇಳು ನನ್ನವ್ವಾ." ಅದು ಸುಳ್ಳೇನಲ್ಲ. ಟ್ಯಾಬ್ ಮಾಡಿಕೊಟ್ಟ ಇಂಜಿನಿಯರಮ್ಮನೇ ತಲೆ ತಗ್ಗಿಸಿ ಒಪ್ಪಿಕೊಂಡರು, ಆ ಗುಂಡಿ ಇರಬಾರದಿತ್ತು ಅಂತ. ತೆಗೆದೂ ಹಾಕಿದ್ದಾರೆ. ಇನ್ನು ಹೋಗುವವಳು, ಬರುವವಳು ಇಬ್ಬರೂ ಸೂಜಿ ಚುಚ್ಚಿದ ಜಾಗ ನೋಡಿ ಫೋಟೋ ಹಿಡಿದರೆ ಮಾತ್ರ ಪಾಳಿ ಮುಗಿಯುತ್ತದೆ. ಕಂಡವರ ಮಕ್ಕಳಿಗೆಲ್ಲ ಒಳ್ಳೆಯದಾಯಿತು. ವಿಚಾರಣೆಯವರಿಗೆ ಉಳಿದಿದ್ದು ಒಂದೇ ಪ್ರಶ್ನೆ: ನೀನು ಪುಟ್ಟಿಯ ಕೈಯ ಊತ ಕಾಣದೆ ಒತ್ತಿದೆಯೋ, ಕಂಡೂ ಒತ್ತಿದೆಯೋ. ಕಾಣದೆ ಆದರೆ ಎಚ್ಚರಿಕೆ ಕೊಟ್ಟು ವಾಪಸ್ ಕರೆಯುತ್ತಾರೆ. ಕಂಡೂ ಆದರೆ ನೀನು ಇನ್ನೆಲ್ಲೂ ನರ್ಸ್ ಆಗುವ ಹಾಗಿಲ್ಲ.

ಅಮ್ಮನಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳಿಗೆ ನನ್ನ ಮುತ್ತು. ಕೈಬೆರಳುಗಳಿಗೆ ಕೊಡು, ಒಂದೊಂದಾಗಿ.

ನಿನ್ನ ತಂಗಿ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಬೆಳಗ್ಗೆ ಹೇಳಿಕೆ ಕೊಟ್ಟು ಬಂದೆ. ಊದಿದ ಕೈಯನ್ನು ನಿನಗೆ ತೋರಿಸಿದೆ, ನೀನು ನೋಡಿದ ಮೇಲೂ ಗುಂಡಿ ಒತ್ತಿ ಹೊರಟೆ ಎಂದು ಬರೆದು ಸಹಿ ಹಾಕಿದೆ. ನಾನು ತೋರಿಸಿರಲಿಲ್ಲ ಎಂದು ನಿನಗೆ ಗೊತ್ತು, ನನಗೂ ಗೊತ್ತು. ಅಲ್ಲಿದ್ದ ಮೂರನೆಯವಳಿಗೆ ಇನ್ನೂ ಮಾತು ಬರುವುದಿಲ್ಲ.